ಕುಶಾಲಪ್ಪ ಮಾವ ಲ್ಯಾಪ್‌ಟಾಪ್ ನೋಡಿದ್ದು

ನನಗೆ ಸಿಟ್ಟು ಬೇಗ ಬರುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನಮ್ಮ ಅರಂತೋಡಿನಲ್ಲಿ ಯಾರಾದರೂ ನಿಮ್ಮ ಕಿವಿಗೆ ಹಾಕುವುದು ಬೇಡ. ಮಡಿಕೇರಿ ರಸ್ತೆಯ ಬದಿಯಲ್ಲಿ ಅಂಗಡಿ ಇಟ್ಟು ಹದಿನಾಲ್ಕು ವರ್ಷವಾಯಿತು. ದಿನಕ್ಕೆ ಇಪ್ಪತ್ತು ಕಾರು ನಿಲ್ಲುತ್ತವೆ, "ಮಡಿಕೇರಿ ಇನ್ನೆಷ್ಟು ದೂರ" ಎಂದು ಕೇಳುತ್ತಾರೆ, ಒಂದು ಲಿಂಬೆ ಶರಬತ್ತೂ ಕುಡಿಯದೆ ಹೋಗುತ್ತಾರೆ. ಹಾಗಿರುವಾಗ ಸಿಟ್ಟು ಬಾರದೆ ಇನ್ನೇನು ಬರಬೇಕು? ಆದರೆ ಈ ಕಥೆ ನನ್ನದಲ್ಲ. ನಮ್ಮ ಅಂಗಡಿಯ ಎದುರಿನ ಬೆಂಚಿನಲ್ಲಿ ದಿನಾ ಬಂದು ಕೂರುವ ಕುಶಾಲಪ್ಪ ಮಾವನದು.

ಅವರು ನನ್ನ ಅತ್ತೆ ದುಗ್ಗಮ್ಮನ ತಮ್ಮ. ವಯಸ್ಸು ಎಪ್ಪತ್ತೆರಡು. ಸಪೂರ ಆಳು, ಹೆಗಲ ಮೇಲೆ ಯಾವಾಗಲೂ ಒಂದು ಬೈರಾಸು, ಅಂದರೆ ತೆಳು ಟವೆಲ್ಲು. ಸ್ವಲ್ಪ ತೋಟ ಇದೆ, ಮಗ ಸೊಸೆ ನೋಡಿಕೊಳ್ಳುತ್ತಾರೆ. ಮಾವನ ನಿಜವಾದ ಕೆಲಸ ಬೇರೆ. ಅವರು ವಸ್ತು ನೋಡಿ ಕೊಡುವವರು.

ಹಾಗೆಂದರೆ ಏನೆಂದು ಹೊರಗಿನವರಿಗೆ ಬಿಡಿಸಿ ಹೇಳಬೇಕು. ನಮ್ಮ ಕಡೆ ದೊಡ್ಡ ವಸ್ತುವನ್ನು ಯಾರೂ ಒಬ್ಬರೇ ಹೋಗಿ ತರುವುದಿಲ್ಲ. ಹಸುವಿರಲಿ, ಪಂಪಿರಲಿ, ಹಳೇ ಜೀಪಿರಲಿ, ಗೊತ್ತಿದ್ದವರೊಬ್ಬರನ್ನು ಸಂಗಡ ಕರೆದುಕೊಂಡೇ ಹೋಗುವುದು. ನಲವತ್ತು ವರ್ಷ ಆ ಗೊತ್ತಿದ್ದವರು ಕುಶಾಲಪ್ಪ ಮಾವ. ಪಂಜದಿಂದ, ಆಲೆಟ್ಟಿಯಿಂದ, ಕಡಬದ ಆಚೆಯಿಂದಲೂ ಜನ ಬಂದು ಅವರನ್ನು ಕರೆಯುತ್ತಿದ್ದರು. ದಲ್ಲಾಳಿ ಎಂದು ತಿಳಿಯಬೇಡಿ, ಕಮಿಷನ್ ಎಂಬುದನ್ನು ಅವರು ಮುಟ್ಟಿದವರಲ್ಲ. ಬಸ್ಸಿನ ಚಾರ್ಜು, ಒಂದು ಚಾ, ಕೆಲಸ ಮುಗಿದ ಮೇಲೆ ಒಂದು ಪ್ಲೇಟು ಗೋಳಿಬಜೆ. ಸಂಬಳ ಅಷ್ಟೇ. ಇನ್ನೊಂದು ಮಾತ್ರ ಅವರಿಗೆ ಬೇಕೇ ಬೇಕು. ಅವರು ನೋಡಿದ ಹಸುವಿನ ಹಗ್ಗ ಅವರ ಕೈಯಲ್ಲೇ ಇರಬೇಕು. ಕೊಂಡವರ ಅಂಗಳಕ್ಕೆ ಅವರೇ ಹಿಡಿದುಕೊಂಡು ಬಂದು, ಮನೆಯ ಹೆಂಗಸು ಹಸುವಿನ ಕಾಲಿಗೆ ನೀರು ಹಾಕಿ ಹಣೆಗೆ ಕುಂಕುಮ ಇಟ್ಟ ಮೇಲೆಯೇ ಹಗ್ಗವನ್ನು ಮನೆಯವರ ಕೈಗೆ ಕೊಡುವುದು. ಪಂಪಿಗೆ ಹಗ್ಗ ಇಲ್ಲವಲ್ಲ, ಅದರ ಪೆಟ್ಟಿಗೆಯನ್ನೇ ಎತ್ತಿಕೊಂಡು ಅಂಗಳ ಹತ್ತುತ್ತಿದ್ದರು. ನಾನು ಮದುವೆಯಾಗಿ ಬಂದ ವರ್ಷ ನಮ್ಮ ಗ್ರೈಂಡರೂ ಹಾಗೆಯೇ ಬಂತು. ಇಪ್ಪತ್ತೆರಡು ವರ್ಷವಾಯಿತು, ಇವತ್ತು ಬೆಳಿಗ್ಗೆಯೂ ಅದರಲ್ಲೇ ದೋಸೆಗೆ ಅರೆದದ್ದು.

ಅವರಿಗೆ ಅವರದೇ ಒಂದು ಕ್ರಮ ಇತ್ತು. ಹಸುವನ್ನು ನೋಡುವ ಮೊದಲು ಅದು ಹೋಗಬೇಕಾದ ಮನೆಯನ್ನು ನೋಡುವುದು. ಕೊಟ್ಟಿಗೆ ಹೇಗಿದೆ, ಹುಲ್ಲು ಎಲ್ಲಿಂದ, ಹಾಲು ಕರೆಯುವವರು ಯಾರು. ಆಮೇಲೆ ಹಸುವಿನ ಬಗ್ಗೆ ಅದರ ಯಜಮಾನನ ಹತ್ತಿರ ಕೇಳದೆ, ದಿನಾ ಅದರ ಹಾಲು ಕರೆಯುವವರ ಹತ್ತಿರ ಕೇಳುವುದು. ಯಜಮಾನನಾದವನು ಮಾರಲಿಕ್ಕೆ ಕೂತವನು, ಅವನಿಗೆ ಹಸುವಿನ ಬಾಲದ ಕೂದಲೂ ಬಂಗಾರ ಎಂದು ಮಾವ ಹೇಳುತ್ತಿದ್ದರು.

ಈ ಕೆಲಸ ನಿಂತುಹೋದದ್ದು ಮೂರು ವರ್ಷದ ಹಿಂದೆ. ಆಲೆಟ್ಟಿಯ ಜತ್ತಪ್ಪನಿಗೆ ಮಾವ ಒಂದು ಹಸು ನೋಡಿ ಕೊಟ್ಟಿದ್ದರು. ಅದು ಹೋದ ಮರುದಿನದಿಂದಲೇ ಹಾಲಿನ ಚೆಂಬನ್ನು ಒದೆಯಲು ಶುರು ಮಾಡಿತು. ಹದಿನೈದು ದಿನದಲ್ಲಿ ಜತ್ತಪ್ಪ ಅದನ್ನು ನಷ್ಟಕ್ಕೆ ಮಾರಿ, ನಮ್ಮ ಅಂಗಡಿಯ ಮುಂದೆಯೇ ನಿಂತು ನಾಲ್ಕು ಜನರ ಎದುರು, "ಕುಶಾಲಪ್ಪಣ್ಣನ ಕಣ್ಣು ಮಂಜಾಗಿದೆ ಮಾರಾಯ್ರೆ, ಇನ್ನು ಅವರನ್ನು ಕರ್ಕೊಂಡು ಹೋಗುದು ಸುಮ್ಮನೆ" ಎಂದುಬಿಟ್ಟ. ಮಾವ ಬೆಂಚಿನಲ್ಲೇ ಇದ್ದರು. ಅಂದಿನಿಂದ ಯಾರೂ ಕರೆಯಲಿಲ್ಲ. ಪಂಪನ್ನು ಮೊಬೈಲಿನಲ್ಲೇ ತರಿಸುವವರು ತರಿಸಿದರು, ಹಸು ಕಟ್ಟುವವರೇ ಕಡಿಮೆಯಾದರು. ಮಾವ ಬೆಳಿಗ್ಗೆ ಹತ್ತಕ್ಕೆ ಬರುವುದು, ಒಂದು ಚಾ ಕುಡಿಯುವುದು, ಹೋಗುವ ಬಸ್ಸು ನೋಡುವುದು. ನಾನು ಸಂಜೆ ಗೋಳಿಬಜೆ ಬಿಸಿ ಬಿಸಿ ತೆಗೆದು ಮುಂದೆ ಇಟ್ಟರೆ ಪ್ಲೇಟನ್ನು ಆಚೆ ಸರಿಸುತ್ತಿದ್ದರು.

"ಕೆಲಸ ಮಾಡದೆ ಸಂಬಳ ತಿನ್ನುದಾ? ಬೇಡ ಮಗಾ."

ಮೂರು ವರ್ಷ ಹೀಗೆ. ನನಗೆ ಅದಕ್ಕೂ ಸಿಟ್ಟು ಬರುತ್ತಿತ್ತು.

ಈಗ ಲ್ಯಾಪ್‌ಟಾಪಿನ ವಿಷಯಕ್ಕೆ ಬರುತ್ತೇನೆ. ನನ್ನ ಮಗಳು ಜಶ್ಮಿತಾ ಪುತ್ತೂರಿನಲ್ಲಿ ಪತ್ರಿಕೋದ್ಯಮ ಓದುತ್ತಾಳೆ, ಎರಡನೇ ವರ್ಷ. ವಾರಕ್ಕೊಂದು ಸುದ್ದಿಯ ವಿಡಿಯೋ ಮಾಡಿ ಕೊಡಬೇಕಂತೆ. ಮೊದಲ ವರ್ಷ ಮೊಬೈಲಿನಲ್ಲೇ ಕತ್ತರಿಸಿ ಜೋಡಿಸಿ ಕಣ್ಣು ಕೆಂಪು ಮಾಡಿಕೊಂಡಳು. ಈ ವರ್ಷ ಆಗುವುದೇ ಇಲ್ಲ ಎಂದಳು. ನಾನು ಅಂಗಡಿಯಿಂದ ಎಪ್ಪತ್ತು ಸಾವಿರ ಬೇರೆಯಾಗಿ ಇಟ್ಟಿದ್ದೆ. ಅಲ್ಲಿಂದ ಶುರುವಾಯಿತು ನೋಡಿ ಊರಿನವರ ಉಪದೇಶ. ನನ್ನ ತಮ್ಮ ದೊಡ್ಡ ಸ್ಕ್ರೀನಿನದ್ದು ತೆಗೆ ಎಂದ. ನಮ್ಮ ಮನೆಯವರು, "ಕಡಿಮೆಯದ್ದು ಸಾಕು, ಎಲ್ಲ ಒಂದೇ" ಎಂದರು. ಪಿಕಪ್ ಓಡಿಸುವ ಅವರಿಗೆ ಅದರ ಟಯರ್ ಒಂದನ್ನು ಬಿಟ್ಟು ಜಗತ್ತಿನಲ್ಲಿ ಎಲ್ಲವೂ ಒಂದೇ. ಶರಬತ್ತು ಕುಡಿಯಲು ನಿಂತ ಬೆಂಗಳೂರಿನವರೊಬ್ಬರು, ಕೇಳದೆಯೇ, ಅರ್ಧ ಗಂಟೆ ಬುದ್ಧಿ ಹೇಳಿ ಹೋದರು. ಮಗಳಿಗಂತೂ ಕ್ಲಾಸಿನ ಹುಡುಗನೊಬ್ಬನ ಲ್ಯಾಪ್‌ಟಾಪಿನ ಮೇಲೆಯೇ ಕಣ್ಣು. ಹದಿನಾರು ಇಂಚು, ಕೀ ಕೀಗೂ ಬಣ್ಣದ ದೀಪ, ಆಟ ಆಡುವವರು ತೆಗೆದುಕೊಳ್ಳುವಂಥದ್ದು.

ಆಗ ಅತ್ತೆ ಬಾಯಿ ಬಿಟ್ಟರು. "ಕುಶಾಲ ನೋಡದ ವಸ್ತು ಈ ಮನೆಗೆ ಬಂದದ್ದಿಲ್ಲ. ಅವನನ್ನು ಕರ್ಕೊಂಡು ಹೋಗಿ."

ನನಗೆ ತಡೆಯಲಾಗಲಿಲ್ಲ. "ಹಸು ನೋಡುವವರಿಗೆ ಲ್ಯಾಪ್‌ಟಾಪ್ ಎಂತ ಗೊತ್ತುಂಟು ಅತ್ತೆ? ಅದಕ್ಕೆ ಕೆಚ್ಚಲು ಉಂಟಾ?"

ಹೇಳಿ ತಿರುಗಿದರೆ ಮಾವ ಅಂಗಡಿಯ ಮೆಟ್ಟಿಲಲ್ಲಿ ನಿಂತಿದ್ದಾರೆ. ಚಾದ ಗ್ಲಾಸನ್ನು ವಾಪಸು ಇಡಲು ಬಂದವರು. ಗ್ಲಾಸು ಇಟ್ಟರು, ಬೈರಾಸು ಕೊಡವಿಕೊಂಡರು, ಹೋದರು. ನನ್ನ ನಾಲಗೆಗೆ ಬೆಂಕಿ ಬೀಳಲಿ ಎಂದು ನನಗೇ ಅನಿಸಿತು.

ಮರುದಿನ ಅವರು ಹತ್ತು ಗಂಟೆಗಲ್ಲ, ಏಳಕ್ಕೇ ಬಂದರು. ಬೆಂಚಿನಲ್ಲಿ ಕೂರದೆ ನೇರ ನನ್ನ ಮುಂದೆ ನಿಂತರು.

"ಹರಿಣಾಕ್ಷಿ, ಒಮ್ಮೆ ನೋಡ್ತೇನೆ. ಇದು ತಪ್ಪಿದ್ರೆ ನನ್ನ ಕಣ್ಣು ಮಂಜಾದದ್ದು ಹೌದು ಅಂತ ನಾನೇ ಒಪ್ಪಿಕೊಳ್ತೇನೆ. ಮತ್ತೆ ಯಾರ ಸಂಗಡವೂ ಹೋಗುದಿಲ್ಲ."

ಅಷ್ಟು ಹೇಳಿದ ಮೇಲೆ ಬೇಡ ಎನ್ನಲು ನಾನೇನು ಕಲ್ಲಾ? ಆದರೆ ಒಳಗೊಳಗೆ ಹೆದರಿಕೆ. ಎಪ್ಪತ್ತು ಸಾವಿರ ನನ್ನದು, ಓದು ಮಗಳದು, ಈಗ ಇವರ ಮರ್ಯಾದೆಯೂ ಆ ಒಂದೇ ಪೆಟ್ಟಿಗೆಯ ಒಳಗೆ ಹೋಗಿ ಕೂತಿತು.

ಮಾವ ಮೊದಲು ಕೇಳಿದ್ದು ಬೆಲೆಯನ್ನಲ್ಲ, ತೂಕವನ್ನು. ಜಶ್ಮಿತಾ ಮೊಬೈಲಿನಲ್ಲಿ ನೋಡಿ ಹೇಳಿದಳು. ಅವಳ ಮನಸ್ಸಿನಲ್ಲಿದ್ದ ದೊಡ್ಡದು ಎರಡೂವರೆ ಕಿಲೋ, ಅದರ ಚಾರ್ಜರೇ ಅರ್ಧ ಕಿಲೋ. ಹದಿನಾಲ್ಕು ಇಂಚಿನ ಸಣ್ಣದಾದರೆ ಎಲ್ಲ ಸೇರಿ ಒಂದೂವರೆ ಚಿಲ್ಲರೆ.

"ಹಾಗಾದ್ರೆ ಮೂರು ಕಿಲೋ ಕುಚಲಕ್ಕಿ ತೂಗು" ಎಂದರು ನನಗೆ.

ತೂಗಿ ಕೊಟ್ಟೆ. ಅಕ್ಕಿಯ ಚೀಲವನ್ನು ಜಶ್ಮಿತಾಳ ಹಳೇ ಬ್ಯಾಗಿಗೆ ತುಂಬಿ, ಅವಳ ಪುಸ್ತಕ, ಬುತ್ತಿ, ನೀರಿನ ಬಾಟಲಿಯನ್ನೂ ಅದರಲ್ಲೇ ಹಾಕಿಸಿ, ತನ್ನ ಹೆಗಲಿಗೆ ಏರಿಸಿಕೊಂಡರು. ಅವಳು ಹತ್ತಿದ ಬಸ್ಸಿಗೇ ಹತ್ತಿದರು! ಎಪ್ಪತ್ತೆರಡು ವರ್ಷದ ಮನುಷ್ಯ, ಕಾಲೇಜು ಹುಡುಗಿಯ ಗುಲಾಬಿ ಬ್ಯಾಗು ಹಾಕಿಕೊಂಡು! ಅಂಗಡಿಗೆ ಬಂದವರೆಲ್ಲ ನೋಡಿ ನಕ್ಕರು. ನಾನು ನಗುವವರಿಗೆ ಚಾ ಕೊಡಲಿಲ್ಲ.

ಸಂಜೆ ಇಬ್ಬರೂ ವಾಪಸು ಬಂದರು. ಮಾವ ಬ್ಯಾಗನ್ನು ಇಳಿಸಿ ಬೆಂಚಿನಲ್ಲಿ ಕೂತು ಹೆಗಲನ್ನು ತಿಕ್ಕಿಕೊಂಡರು. ಅತ್ತೆ ಎಣ್ಣೆ ತರಲು ಎದ್ದರು.

"ಸುಳ್ಯದಲ್ಲಿ ಬಸ್ಸು ಬದಲಿಸಿದ ಮೇಲೆ ಕಾವು ಸ್ಟಾಪಿನವರೆಗೆ ಸೀಟಿಲ್ಲ ಹರಿಣಾಕ್ಷಿ. ನಿಂತೇ ಹೋಗುದು. ಬ್ಯಾಗು ಎರಡು ಕಾಲಿನ ನಡುವೆ. ಡ್ರೈವರ್ ಬ್ರೇಕ್ ಹಾಕಿದ್ರೆ ಅದು ಅಡ್ಡ ಬೀಳ್ತದೆ, ಅದರ ಮೇಲೆ ಜನ ಬೀಳ್ತಾರೆ. ಕ್ಲಾಸಿನಲ್ಲಿ ಕರೆಂಟಿನ ಪ್ಲಗ್ಗು ಇರುದು ಎರಡೇ, ಅದೂ ಹಿಂದಿನ ಬೆಂಚಿನವರ ಹತ್ತಿರ. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಒಂದು ಗಂಟೆ ಕಾಯಬೇಕು, ಆ ಒಂದು ಗಂಟೆಯಲ್ಲಿ ಇವಳ ಅರ್ಧ ಕೆಲಸ ಆಗುದು. ಮನೆಗೆ ಬಂದ್ರೆ ಗುಡುಗು. ಗುಡುಗಿದ್ರೆ ನೀನು ಎಲ್ಲ ಪ್ಲಗ್ಗು ಎಳೀತಿ."

ಎಳೆಯದೆ ಮತ್ತೆ? ಅಕ್ಟೋಬರ್ ತಿಂಗಳು, ಸಂಜೆಯಾದರೆ ಸಿಡಿಲು. ಹೋದ ವರ್ಷ ಟಿವಿ ಹೋದದ್ದು ನನಗೆ ಮರೆತಿಲ್ಲ. ಆದರೆ ನನಗೆ ನಾಟಿದ್ದು ಅದಲ್ಲ. ಮಗಳು ಕಾವಿನವರೆಗೆ ನಿಂತೇ ಹೋಗುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಹೆತ್ತವಳಿಗೆ ಗೊತ್ತಿರಲಿಲ್ಲ. ಅವಳು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು.

ಮಾವ ಮರುದಿನ ಒಂದೂವರೆ ಕಿಲೋ ಅಕ್ಕಿ ಹೊತ್ತು ಇನ್ನೊಮ್ಮೆ ಹೋಗಿ ಬಂದರು. ಅಂದು ಸಂಜೆ, ಕೇಳದೆಯೇ, ಆಲೆಟ್ಟಿಯ ಮಾತು ತೆಗೆದರು.

"ಜತ್ತಪ್ಪನ ಹಸು ಕೆಟ್ಟದ್ದಲ್ಲ ಮಗಾ. ನನಗೆ ಆಗ ಜ್ವರ. ಅವನ ಮನೆ ನೋಡ್ಲಿಕ್ಕೆ ಹೋಗದೆ ಹಸು ಕೊಡಿಸಿದೆ. ಆ ಹಸುವನ್ನು ಕರೀತಾ ಇದ್ದದ್ದು ಒಬ್ಬಳು ಹೆಂಗಸು, ಮೆಲ್ಲ ಮಾತಾಡ್ತಾ ಕರೆಯುವವಳು. ಜತ್ತಪ್ಪ ಹೆಲ್ಮೆಟ್ ತೆಗೆಯದೆ ಕೊಟ್ಟಿಗೆಗೆ ನುಗ್ಗುವ ಜನ. ಹಸು ಒದೆಯದೆ ಎಂತ ಮಾಡುದು? ತಪ್ಪಿದ್ದು ಕಣ್ಣಲ್ಲ. ಕಾಲು. ಹೋಗದೆ ಇದ್ದ ಕಾಲು."

ಮೂರು ವರ್ಷ ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದರು. ಜತ್ತಪ್ಪನಿಗೆ ಹೋಗಿ ಹೇಳಬಹುದಿತ್ತಲ್ಲ ಎಂದೆ. "ಹೇಳಿ ಎಂತ? ತಪ್ಪು ನನ್ನದೇ ಅಲ್ವಾ?" ಎಂದರು.

ಇನ್ನು ಹಾಲು ಕರೆಯುವವರನ್ನು ಕೇಳುವುದು ಬಾಕಿ. ಸುಳ್ಯದಲ್ಲಿ ಮಹಡಿಯ ಮೇಲೆ ನಶೀದಾ ಎಂಬ ಹುಡುಗಿ ಲ್ಯಾಪ್‌ಟಾಪ್ ರಿಪೇರಿಯ ಅಂಗಡಿ ಇಟ್ಟಿದ್ದಾಳೆ. ಮಾರುವುದಿಲ್ಲ, ಬಿಚ್ಚುವುದು, ಜೋಡಿಸುವುದು ಮಾತ್ರ. ಮಾವ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಕೇಳಿದ್ದು ಒಂದೇ ಪ್ರಶ್ನೆ.

"ಮಗಾ, ಯಾವುದು ಒಳ್ಳೇದು ಅಂತ ಹೇಳ್ಬೇಡ. ನಿನ್ನ ಹತ್ತಿರ ಎಂಥದ್ದು ಹಾಳಾಗಿ ಬರ್ತದೆ, ಅದು ಹೇಳು."

ನಶೀದಾ ಕಣ್ಣಿನ ಭೂತಗನ್ನಡಿ ತೆಗೆದು ಅವರನ್ನೊಮ್ಮೆ ನೋಡಿದಳು. "ಇಷ್ಟು ವರ್ಷದಲ್ಲಿ ಯಾರೂ ಹೀಗೆ ಕೇಳಿದ್ದಿಲ್ಲ ಅಜ್ಜ" ಎಂದು ಸ್ಟೂಲು ಕೊಟ್ಟಳು. ಮತ್ತೆ ಬಾಯಿ ತೆರೆದವಳು ನಿಲ್ಲಿಸಲಿಲ್ಲ. ಮಡಚುವಲ್ಲಿನ ಹಿಂಜು ಮುರಿದು ಬರುವುದೇ ಜಾಸ್ತಿ, ಅಗಲದ ಸ್ಕ್ರೀನಿನದ್ದು ಇನ್ನೂ ಬೇಗ. ಸಿಡಿಲಿಗೆ ಸುಟ್ಟ ಚಾರ್ಜರು ತಿಂಗಳಿಗೆ ಹತ್ತಾದರೂ ಉಂಟು, ಆದ್ದರಿಂದ ಪ್ಲಗ್ಗು ಎಳೆದು ಐದಾರು ಗಂಟೆ ನಡೆಯುವ ಬ್ಯಾಟರಿ ಬೇಕು. ಇರುವೆ ಗೂಡು ಕಟ್ಟಿದ್ದನ್ನೂ ಕಂಡಿದ್ದಾಳಂತೆ.

"ಮೆಮೊರಿ ಹದಿನಾರು ಜಿಬಿಗಿಂತ ಕಡಿಮೆ ಬೇಡ ಅಜ್ಜ, ವಿಡಿಯೋ ಕೆಲಸಕ್ಕೆ ಎಂಟು ಸಾಕಾಗುದಿಲ್ಲ. ಮತ್ತೆ ಇನ್ನೊಂದು ಹಾಕ್ಲಿಕ್ಕೆ ಒಳಗೆ ಖಾಲಿ ಜಾಗ ಉಂಟಾ ಕೇಳಿ. ಕೆಲವದರಲ್ಲಿ ಅಂಟಿಸಿಯೇ ಬಿಡ್ತಾರೆ, ಆಮೇಲೆ ಏನೂ ಮಾಡ್ಲಿಕ್ಕಾಗುದಿಲ್ಲ. ಆಟ ಆಡುದಿಲ್ಲ ಅಂತಾದ್ರೆ ದೊಡ್ಡ ಗ್ರಾಫಿಕ್ಸ್ ಕಾರ್ಡಿಗೆ ದುಡ್ಡು ಹಾಕುದು ದಂಡ."

ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ಮಾವ ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಯಲ್ಲಿಟ್ಟರು. ಆ ಚೀಟಿಯನ್ನು ಎಷ್ಟು ಸಲ ತೆಗೆದು ಓದಿದರೋ, ಮಡಿಕೆಯಲ್ಲೇ ಹರಿದುಹೋಯಿತು.

ಶನಿವಾರ ಮೂವರೂ ಪುತ್ತೂರಿಗೆ ಹೋದೆವು. ದೊಡ್ಡ ಅಂಗಡಿ, ಎಸಿ, ಸಾಲಾಗಿ ಇಟ್ಟ ಲ್ಯಾಪ್‌ಟಾಪು. ಮಾರುವ ಹುಡುಗನ ಹೆಸರು ಅಫ್ರೀದ್, ನಗುಮುಖದವನು. ಮಗಳು ಸೀದಾ ಹೋಗಿ ಬಣ್ಣದ ದೀಪದ್ದರ ಎದುರು ನಿಂತಳು. ಎಪ್ಪತ್ತೊಂಬತ್ತು ಸಾವಿರ. "ಒಂಬತ್ತು ಸಾವಿರ ನಾನು ಹೇಗಾದ್ರೂ ಮಾಡಿ ಕೊಡ್ತೇನೆ ಅಮ್ಮಾ" ಎಂದಳು. ಆಚೆ ಒಂದು ಎಲೆಯಷ್ಟು ತೆಳ್ಳಗಿನದ್ದಿತ್ತು, ತೊಂಬತ್ತೈದು ಸಾವಿರ. ಅದರ ಬೆಲೆ ಕೇಳಿದ ಮೇಲೆ ನಾನು ಆ ಕಡೆ ಉಸಿರೂ ಬಿಡಲಿಲ್ಲ.

ಮಾವ ಒಂದೊಂದನ್ನೇ ನೋಡುತ್ತಾ ಬಂದರು. ಮುಚ್ಚಳವನ್ನು ಒಂದೇ ಬೆರಳಲ್ಲಿ ಎತ್ತಿ ಹಿಂಜು ಅಲ್ಲಾಡುತ್ತದಾ ನೋಡಿದರು. ಮಗುಚಿ ಹಾಕಿ ಗಾಳಿ ಹೋಗುವ ಕಂಡಿಗೆ ಕಿವಿ ಇಟ್ಟರು. ಓಡಿಸಿ ಬಿಸಿ ಮಾಡಲು ಹೇಳಿ ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಒಂದನ್ನಂತೂ ಹಿಡಿದುಕೊಂಡು ಬಾಗಿಲಿನ ಹೊರಗೇ ನಡೆದರು, ಅಫ್ರೀದ್ "ಅಜ್ಜಾ, ಅಜ್ಜಾ" ಎನ್ನುತ್ತಾ ಹಿಂದೆ ಓಡಿದ. ಬಸ್‌ಸ್ಟ್ಯಾಂಡಿನ ಬೆಳಕಿನಲ್ಲಿ ಅಕ್ಷರ ಕಾಣುತ್ತದಾ ಎಂದು ನೋಡಲು ಹೋದದ್ದಂತೆ.

ಕೊನೆಗೆ ಅವರು ಬಹಳ ಹೊತ್ತು ನಿಂತದ್ದು ಬೂದು ಬಣ್ಣದ ಒಂದು ಸಾದಾ ಪೆಟ್ಟಿಗೆಯ ಮುಂದೆ. ಹದಿನಾಲ್ಕು ಇಂಚು, ಒಂದು ಕಿಲೋ ನಾನೂರು ಗ್ರಾಂ, ಹದಿನಾರು ಜಿಬಿ, ಒಳಗೆ ಇನ್ನೊಂದಕ್ಕೆ ಜಾಗ. ಐವತ್ತೆಂಟು ಸಾವಿರ. ಚೀಟಿಯಲ್ಲಿದ್ದದ್ದೆಲ್ಲ ಅದರಲ್ಲಿ ಇತ್ತು. ಮಾವನ ಕಣ್ಣು ನೋಡಿಯೇ ನನಗೆ ಗೊತ್ತಾಯಿತು, ಇದೇ.

ಆಗ ಅವರು ಮಾಡಿದ್ದೇನು ಗೊತ್ತುಂಟಾ? ಹೆಗಲಿನ ಬೈರಾಸು ತೆಗೆದು ಮೇಜಿನ ಮೇಲೆ ಹರಡಿ, ಅಫ್ರೀದನಿಗೆ ಅದರ ಅಡಿಗೆ ಕೈ ಹಾಕಲು ಹೇಳಿದರು.

"ಎಂತಕ್ಕೆ ಅಜ್ಜ? ಕೈ ಒರೆಸ್ಲಿಕ್ಕಾ?"

ದನದ ಜಾತ್ರೆಯಲ್ಲಿ ವ್ಯಾಪಾರ ಹಾಗೆ. ಬಟ್ಟೆಯ ಅಡಿಯಲ್ಲಿ ಬೆರಳು ಹಿಡಿದು ಬೆಲೆ ಹೇಳುವುದು, ಸುತ್ತಲಿನವರಿಗೆ ತಿಳಿಯಬಾರದು. ಪಾಪ, ಆ ಹುಡುಗನಿಗೆ ಇದೆಲ್ಲ ಎಲ್ಲಿ ಗೊತ್ತು? ಮಾವ ಬಿಡಿಸಿ ಹೇಳಿದರೆ, ಇಲ್ಲಿ ಫಿಕ್ಸೆಡ್ ರೇಟ್ ಎಂದು ಬೋರ್ಡು ತೋರಿಸಿದ. ಆಗ ಮಾವ ಎರಡನೇ ಅಸ್ತ್ರ ತೆಗೆದರು. ಮೆಚ್ಚಿದ್ದನ್ನು ಮೆಚ್ಚಿದ್ದೇನೆಂದು ತೋರಿಸಬಾರದು, ಹಳಿದು ಎದ್ದು ಹೋಗಬೇಕು, ಹಿಂದೆ ತಿರುಗಿ ನೋಡಬಾರದು, ಮಾರುವವನೇ ಹಿಂದಿನಿಂದ ಬಂದು ಕರೆಯುತ್ತಾನೆ. ಇದೂ ಜಾತ್ರೆಯದ್ದೇ ಪಾಠ.

"ಈ ಬಣ್ಣ ಎಂತ ಮಾರಾಯ, ಬೂದಿಯ ಹಾಗೆ. ಮುಖದಲ್ಲಿ ಕಳೆ ಇಲ್ಲ. ಬನ್ನಿ ಹೋಗುವ" ಎಂದು ಬೈರಾಸು ಕೊಡವಿ ಹೊರಟೇಬಿಟ್ಟರು. ನಾವು ಹಿಂದೆ. ಅಫ್ರೀದ್ ಮಾವನ ನಂಬರು ಬರೆದುಕೊಂಡು, ಮರ್ಯಾದೆಯಿಂದ ಬಾಗಿಲು ತೆರೆದು, "ಇನ್ನೊಮ್ಮೆ ಬನ್ನಿ ಅಜ್ಜ" ಎಂದ. ಕರೆಯಲಿಲ್ಲ. ಮಾವ ಬಸ್‌ಸ್ಟ್ಯಾಂಡಿನವರೆಗೂ ಹಿಂದೆ ತಿರುಗಲಿಲ್ಲ, ಆದರೆ ಹೆಜ್ಜೆ ಮಾತ್ರ ಮೆಲ್ಲ ಮೆಲ್ಲ ಇಡುತ್ತಿದ್ದರು.

"ಕರೀತಾರೆ" ಎಂದರು. "ಒಂದು ವಾರ ಬಿಡು. ಫೋನ್ ಬರ್ತದೆ."

ಮಗಳು ಕೆಂಡವಾದಳು. ಸಿಟ್ಟಿನಲ್ಲಿ ಅವಳು ನನ್ನದೇ ಮಗಳು. ದೊಡ್ಡದೇ ಬೇಕು, ಇಲ್ಲದಿದ್ದರೆ ಯಾವುದೂ ಬೇಡ ಎಂದಳು. ಮಾವ ಬೈಯಲಿಲ್ಲ.

"ಆಯ್ತು, ದೊಡ್ಡದೇ ತಕ್ಕೊಳ್ಳುವ. ಅಲ್ಲಿಯವರೆಗೆ ಆ ಮೂರು ಕಿಲೋ ಅಕ್ಕಿಯನ್ನು ದಿನಾ ಬ್ಯಾಗಿನಲ್ಲಿ ತಕ್ಕೊಂಡು ಹೋಗು. ಹೆಗಲಿಗೆ ಅಭ್ಯಾಸ ಆಗ್ಲಿ."

"ಕೊಂಡೋಗ್ತೇನೆ" ಎಂದಳು ಹಠದಲ್ಲಿ. ಕೊಂಡುಹೋದಳು ಕೂಡ. ದಿನಾ ಬ್ಯಾಗು ಉಬ್ಬಿಕೊಂಡೇ ಹೋಗುತ್ತಿತ್ತು, ಉಬ್ಬಿಕೊಂಡೇ ಬರುತ್ತಿತ್ತು. ನಾನು ನೋಡುತ್ತಿದ್ದೆ.

ಫೋನ್ ಬರಲಿಲ್ಲ. ಒಂದು ವಾರವಾಯಿತು, ಹತ್ತು ದಿನವಾಯಿತು. ಮಾವ ಮೊಬೈಲನ್ನು ಕಿಸೆಯಿಂದ ತೆಗೆದು ಬೆಂಚಿನ ಮೇಲೇ ಇಟ್ಟುಕೊಂಡು ಕೂರತೊಡಗಿದರು. ಹನ್ನೊಂದನೇ ದಿನ ನನಗೆ ತಾಳ್ಮೆ ಕೆಟ್ಟಿತು. ಮೂವರೂ ಮತ್ತೆ ಹೋದೆವು. ಬೂದು ಬಣ್ಣದ್ದು ಅಲ್ಲೇ ಇತ್ತು. ಬೆಲೆಯ ಚೀಟಿ ಮಾತ್ರ ಹೊಸದು. ಅರವತ್ತನಾಲ್ಕು ಸಾವಿರ.

"ಕಂಪೆನಿಯಿಂದಲೇ ಏರಿದ್ದು ಅಜ್ಜ, ಮೆಮೊರಿಗೆ ರೇಟ್ ಜಾಸ್ತಿಯಾಗಿದೆ. ನಮ್ಮ ಕೈಯಲ್ಲಿ ಇಲ್ಲ" ಎಂದ ಅಫ್ರೀದ್. ಅವನಿಗೂ ಬೇಸರವಾದ ಹಾಗೆ ಕಂಡಿತು.

ಆರು ಸಾವಿರ! ನನ್ನ ತಲೆಗೆ ರಕ್ತ ಏರಿತು. ದನದ ಜಾತ್ರೆಯ ಬುದ್ಧಿಯನ್ನು ಇಲ್ಲಿ ತೋರಿಸಿ ಆರು ಸಾವಿರ ನೀರಲ್ಲಿ ಬಿಟ್ಟಿರಲ್ಲ ಎಂದು ಬಾಯಿಯವರೆಗೆ ಬಂತು. ಮಾವನ ಕಡೆ ತಿರುಗಿದೆ. ಅವರು ಬೆಲೆಯ ಚೀಟಿಯನ್ನೇ ನೋಡುತ್ತಾ ನಿಂತಿದ್ದರು. ಬೈರಾಸು ಹೆಗಲಿಂದ ಜಾರಿ ಕೆಳಗೆ ಬಿದ್ದದ್ದು ಅವರಿಗೆ ಗೊತ್ತಾಗಿರಲಿಲ್ಲ. ಅವರ ಮುಖ ನೋಡಿ ನನ್ನ ಬಾಯಿ ತಾನಾಗಿ ಮುಚ್ಚಿತು. ನನ್ನ ಆಯುಸ್ಸಿನ ಮೇಲೆ ಆಣೆ ಇಟ್ಟು ಹೇಳುತ್ತೇನೆ, ಹಾಗೆ ಆದದ್ದು ಅದೇ ಮೊದಲು.

"ತಪ್ಪಿತು ಹರಿಣಾಕ್ಷಿ" ಎಂದರು. ಅಂಗಿಯ ಒಳಕಿಸೆಯಿಂದ ಮಡಚಿದ ನೋಟು ತೆಗೆದರು. ಮೊದಲೇ ಹೆದರಿ ತಂದಿದ್ದರೆಂದು ಕಾಣುತ್ತದೆ. "ಈ ಆರು ಸಾವಿರ ನನ್ನದು. ಜತ್ತಪ್ಪ ಹೇಳಿದ್ದು ಸರಿ. ಇನ್ನು ನಾನು ಯಾರ ಸಂಗಡವೂ..."

"ಅಜ್ಜ, ದುಡ್ಡು ಒಳಗಿಡಿ."

ಜಶ್ಮಿತಾ ಬೈರಾಸನ್ನು ಹೆಕ್ಕಿ ಧೂಳು ಕೊಡವಿ ಅವರ ಹೆಗಲಿಗೆ ಹಾಕಿದಳು. "ಅವತ್ತೇ ತಂದಿದ್ರೆ ಈ ಬೂದಿ ಬಣ್ಣದ್ದು ಬರ್ತಿರ್ಲಿಲ್ಲ. ನಾನು ಇಲ್ಲಿಯೇ ಕೂತು ಹಠ ಮಾಡಿ ದೊಡ್ಡದನ್ನೇ ತೆಗೆಸ್ತಿದ್ದೆ. ಎಪ್ಪತ್ತೊಂಬತ್ತು ಸಾವಿರ. ಅಮ್ಮ ಬೈದು ಬೈದು ಕೊಡ್ತಿದ್ರು."

"ಈಗ ಬೇಡವಾ ಅದು?" ಎಂದೆ ನಾನು.

"ನಾಲ್ಕು ದಿನ ಹೊತ್ತೆ ಅಮ್ಮ. ನಾಲ್ಕನೇ ದಿನ ಕನಕಮಜಲಿನ ಹತ್ತಿರ ಬ್ರೇಕ್ ಹಾಕಿದಾಗ ಬ್ಯಾಗು ಒಬ್ಬರ ಕಾಲಿನ ಮೇಲೆ ಬಿತ್ತು, ಅವರು ಇಡೀ ಬಸ್ಸಿಗೆ ಕೇಳುವ ಹಾಗೆ ಬೈದ್ರು. ಐದನೇ ದಿನ ಅಕ್ಕಿಯನ್ನು ರಮ್ಲತ್‌ಗೆ ಕೊಟ್ಟೆ. ಅವರ ಮನೆಯಲ್ಲಿ ಅನ್ನ ಮಾಡಿ ಉಂಡಾಯ್ತು."

ರಮ್ಲತ್ ಅವಳ ಕ್ಲಾಸಿನ ಗೆಳತಿ. "ಮತ್ತೆ ದಿನಾ ಬ್ಯಾಗು ಉಬ್ಬಿಕೊಂಡು ಇತ್ತಲ್ಲ?" ಎಂದು ಕೇಳಿದೆ.

"ಹಳೇ ಪೇಪರು ತುಂಬಿಸ್ತಿದ್ದೆ. ಅಜ್ಜನ ಎದುರು ಸೋತೆ ಅಂತ ಹೇಳ್ಲಿಕ್ಕೆ ಹೇಗಾಗ್ತದೆ?"

ನನ್ನ ಅಂಗಡಿಯ ಮೂರು ಕಿಲೋ ಕುಚಲಕ್ಕಿ! ಅಫ್ರೀದ್ ನಗು ತಡೆಯಲಾಗದೆ ಆಚೆ ತಿರುಗಿದ. ಮಾವ ಮಾತ್ರ ನಗಲಿಲ್ಲ. ಅವರಿನ್ನೂ ನೋಟು ಹಿಡಿದುಕೊಂಡೇ ಇದ್ದರು.

ಜಶ್ಮಿತಾ ಅವರ ಕೈಯನ್ನು ಮೆಲ್ಲ ಮಡಚಿದಳು. "ಅಜ್ಜ, ಎಲ್ಲರೂ ಇದು ತಕ್ಕೋ, ಅದು ತಕ್ಕೋ ಅಂತ ಹೇಳಿದ್ರು. ನನ್ನ ಬಸ್ಸಿನಲ್ಲಿ ಬಂದದ್ದು ನೀವು ಒಬ್ಬರೇ."

ಮಾವ ಕಣ್ಣು ಒರೆಸಿಕೊಳ್ಳಲು ಬೈರಾಸನ್ನು ಮುಖಕ್ಕೆ ತಂದರು. ಎಸಿ ಜೋರಾಯಿತು, ಕಣ್ಣಿಗೆ ಗಾಳಿ ಹೊಡೆಯುತ್ತದೆ ಎಂದರು. ನಾನು ಎಣಿಸಿ ಅರವತ್ತನಾಲ್ಕು ಸಾವಿರ ಕೊಟ್ಟೆ. ಉಳಿದ ಆರು ಸಾವಿರ ನನ್ನ ಪರ್ಸಿನಲ್ಲೇ ಇತ್ತು, ಅದರ ಬಗ್ಗೆ ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಅಫ್ರೀದ್ ಒಂದು ಮೌಸನ್ನು ಸುಮ್ಮನೆ ಸೇರಿಸಿ, "ಇದು ಬೈರಾಸಿನ ಅಡಿಯ ವ್ಯಾಪಾರ ಅಜ್ಜ" ಎಂದು ಮಾವನ ಕೈ ಕುಲುಕಿದ.

ವಾಪಸು ಬರುವಾಗಲೂ ಬಸ್ಸಿನಲ್ಲಿ ಸೀಟಿರಲಿಲ್ಲ. ಮಗಳು ಹೊಸ ಬ್ಯಾಗನ್ನು ಎದೆಗೆ ಹಾಕಿಕೊಂಡು ನಿಂತಿದ್ದಳು, ಕೆಳಗೆ ಇಡುವ ಪ್ರಮೇಯವೇ ಬರಲಿಲ್ಲ. ಅರಂತೋಡಿನಲ್ಲಿ ಇಳಿದದ್ದೇ ಬ್ಯಾಗನ್ನು ತೆಗೆದು ಅದರ ಪಟ್ಟಿಯನ್ನು ಮಾವನ ಕೈಗೆ ಕೊಟ್ಟಳು.

"ಹಗ್ಗ ನೀವೇ ಹಿಡ್ಕೊಳ್ಳಿ ಅಜ್ಜ."

ನಾನು ಅವಳಿಗೆ ಇದನ್ನು ಹೇಳಿಕೊಟ್ಟಿರಲಿಲ್ಲ. ಅತ್ತೆಯ ಬಾಯಲ್ಲಿ ಕೇಳಿ ಕೇಳಿ ಗೊತ್ತಿತ್ತು ಅಂತ ಕಾಣುತ್ತದೆ. ಮಾವ ಮುಂದೆ, ನಾವಿಬ್ಬರು ಹಿಂದೆ. ಅಂಗಳದಲ್ಲಿ ಅತ್ತೆ ಆಗಲೇ ತಾಮ್ರದ ಚೆಂಬಿನಲ್ಲಿ ನೀರು ಹಿಡಿದು ನಿಂತಿದ್ದರು, ಇನ್ನೊಂದು ಕೈಯಲ್ಲಿ ಕುಂಕುಮದ ಬಟ್ಟಲು.

"ಅತ್ತೇ! ಅದಕ್ಕೆ ನೀರು ಹಾಕ್ಬೇಡಿ!" ಎಂದು ಬೊಬ್ಬೆ ಹೊಡೆದೆ.

ಅತ್ತೆ ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದರು. ಬಗ್ಗಿ, ನೀರನ್ನು ತಮ್ಮನ ಕಾಲಿಗೆ ಹಾಕಿದರು. ಎಂಬತ್ತರ ಹತ್ತಿರದ ಅಕ್ಕ, ಎಪ್ಪತ್ತೆರಡರ ತಮ್ಮನ ಕಾಲಿಗೆ. ಮಾವ "ಅಕ್ಕಾ, ಎಂತದಿದು" ಎಂದು ಹಿಂದೆ ಸರಿಯಲು ನೋಡಿದರು, ಅತ್ತೆ ಬಿಡಲಿಲ್ಲ. ಆಮೇಲೆ ಬ್ಯಾಗು ತೆರೆಸಿ, ಲ್ಯಾಪ್‌ಟಾಪನ್ನು ಆ ಕಡೆ ಈ ಕಡೆ ನೋಡಿ, ಕುಂಕುಮ ಹಿಡಿದ ಬೆರಳನ್ನು ಗಾಳಿಯಲ್ಲೇ ನಿಲ್ಲಿಸಿ, ನಮ್ಮ ಅರೆಭಾಷೆಯಲ್ಲಿ ಕೇಳಿದರು.

"ಇದ್ರ ಹಣೆ ಎಲ್ಲಿ ಉಟ್ಟು?"

ಮಾವ ಸ್ವಲ್ಪ ಹೊತ್ತು ಯೋಚನೆ ಮಾಡಿದರು. ಹಸುವಿನ ವಿಷಯದಲ್ಲಿ ಎಷ್ಟು ಗಂಭೀರವಾಗಿ ಮಾಡುತ್ತಿದ್ದರೋ ಅಷ್ಟೇ ಗಂಭೀರವಾಗಿ. ಮುಚ್ಚಳ ಮುಚ್ಚಿ, ಹಿಂಜಿನ ಹತ್ತಿರ ನಡುವಿನಲ್ಲಿ ಬೆರಳಿಟ್ಟು ತೋರಿಸಿದರು. ಅತ್ತೆ ಅಲ್ಲಿ ಕುಂಕುಮ ಇಟ್ಟರು. ಮಾವ ಪಟ್ಟಿಯನ್ನು ಜಶ್ಮಿತಾಳ ಕೈಗೆ ಕೊಟ್ಟು, "ಗುಡುಗಿದ್ರೆ ಪ್ಲಗ್ಗು ಎಳೀಬೇಕು ಆಯ್ತಾ" ಎಂದರು. ಆ ಕೆಂಪು ಬೊಟ್ಟು ಈಗಲೂ ಅಲ್ಲೇ ಇದೆ, ಕ್ಲಾಸಿನವರು ಕೇಳಿದರೂ ಅವಳು ಒರೆಸಿಲ್ಲ.

ಮಾವ ಮನೆಗೆ ಹೋಗಲಿಲ್ಲ. ನೇರ ಅಂಗಡಿಗೆ ಬಂದು, ಬೆಂಚಿನಲ್ಲಿ ತನ್ನ ಜಾಗದಲ್ಲಿ ಕೂತು, ಕಾಲು ಮೇಲೆ ಕಾಲು ಹಾಕಿಕೊಂಡರು. ನಾನು ಚಾಕ್ಕೆ ನೀರು ಇಡುತ್ತಿದ್ದೆ.

"ಹರಿಣಾಕ್ಷಿ" ಎಂದು ಕರೆದರು. "ಗೋಳಿಬಜೆ ಇಲ್ವಾ?"

ಮೂರು ವರ್ಷದ ಮೇಲೆ ಕೇಳಿದ್ದು. ಹಿಟ್ಟು ಕಲಸಿ ಇಟ್ಟಿರಲಿಲ್ಲ, ಹೊಸದಾಗಿ ಕಲಸಿದರೆ ಹುಳಿ ಬರಲು ಹೊತ್ತು ಬೇಕು. "ಒಂದು ಗಂಟೆ ಕಾಯ್ಬೇಕು ಮಾವ" ಎಂದೆ.

"ಕಾಯ್ತೇನೆ" ಎಂದರು ಮಾವ. "ನನಗೆಂತ ಅವಸರ?"

ನಾನು ಮೈದಾ ಡಬ್ಬಿ ಇಳಿಸಿದೆ.